ರಾಂಜಣಗಾಂವದಿಂದ ಎಫ್‌ವೈಗೆ ಹೊರಟವರಿಗೆ: ಟೈಮ್‌ಟೇಬಲ್ ಹಾಕಿಕೊಳ್ಳುವ 13 ಸೂತ್ರಗಳು

ಜುಲೈ ಬಂತೆಂದರೆ ರಾಂಜಣಗಾಂವದ ಕನ್ನಡ ಮನೆಗಳಲ್ಲಿ ಗಡಿಬಿಡಿ ಶುರು. ಕಲಬುರಗಿ, ವಿಜಯಪುರ, ಬೀದರ್, ಯಾದಗಿರಿ ಕಡೆಯಿಂದ ಎಂಐಡಿಸಿ ಕೈಗಾರಿಕಾ ಪ್ರದೇಶದ ಕೆಲಸಕ್ಕೆ ಬಂದು ಇಲ್ಲೇ ಖೋಲಿ ಹಿಡಿದು ನೆಲೆ ನಿಂತವರ ಮಕ್ಕಳು ಈಗ ಹನ್ನೆರಡನೆಯದು ಮುಗಿಸಿ ಎಫ್‌ವೈಗೆ (ಪದವಿಯ ಮೊದಲ ವರ್ಷಕ್ಕೆ) ಹೆಸರು ಹಚ್ಚುತ್ತಿದ್ದಾರೆ. ಎಷ್ಟೋ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತುವ ಮೊದಲ ಮಗು ಇದೇ. ಶುಲ್ಕ ಕಟ್ಟಿ, ಬ್ಯಾಗು ಕೊಂಡು, ಫೋಟೊ ತೆಗೆಸಿದ ಮೇಲೆ ಕಾಲೇಜಿನ ನೋಟಿಸ್ ಬೋರ್ಡಿಗೆ ಹೋಗಿ ಟೈಮ್‌ಟೇಬಲ್ಲಿನ ಫೋಟೊ ಹೊಡೆದುಕೊಂಡು ಬರುತ್ತಾರೆ. ಅಲ್ಲಿಗೆ ತಯಾರಿ ಮುಗಿಯಿತು ಅಂದುಕೊಳ್ಳುತ್ತಾರೆ.

ಮುಗಿದಿರುವುದಿಲ್ಲ. ಆ ಹಾಳೆಯಲ್ಲಿ ಕಾಲೇಜಿನ ಹೊತ್ತು ಇದೆ, ನಿಮ್ಮ ಹೊತ್ತು ಇಲ್ಲ. ಮೊದಲ ವರ್ಷ ಎಡವಿದವರಲ್ಲಿ ಬುದ್ಧಿ ಸಾಲದೆ ಎಡವಿದವರನ್ನು ನಾನು ಕಂಡದ್ದು ಅಪರೂಪ. ಹೊತ್ತು ಸಾಲದೆ ಎಡವಿದವರೇ ಹೆಚ್ಚು. ಹೆದ್ದಾರಿ, ಕಂಪನಿಯ ಪಾಳಿ, ಒಂದೇ ಖೋಲಿಯ ಮನೆ, ಈ ಮೂರನ್ನೂ ಲೆಕ್ಕಕ್ಕೆ ಹಿಡಿಯದೆ ಬರೆದ ಟೈಮ್‌ಟೇಬಲ್ ಇಲ್ಲಿ ಒಂದು ವಾರವೂ ನಡೆಯುವುದಿಲ್ಲ. ಅದಕ್ಕಾಗಿ ಈ ಸೂತ್ರಗಳು.

1. ಮೊದಲು ಮನೆಯ ಗಡಿಯಾರ ಬರೆಯಿರಿ, ಕಾಲೇಜಿನದು ಆಮೇಲೆ

ದೊಡ್ಡ ಹಾಳೆ ತೆಗೆದುಕೊಳ್ಳಿ. ಏಳು ದಿನದ ಏಳು ಕಂಬ ಎಳೆಯಿರಿ. ಕಾಲೇಜಿನ ಲೆಕ್ಚರುಗಳನ್ನು ತುಂಬುವ ಮೊದಲು, ನೀವು ಬದಲಿಸಲಾಗದ ಸಂಗತಿಗಳನ್ನು ತುಂಬಿ. ಅಪ್ಪನ ಫಸ್ಟ್ ಶಿಫ್ಟ್, ಸೆಕೆಂಡ್ ಶಿಫ್ಟ್, ನೈಟ್ ಶಿಫ್ಟ್ ಯಾವ ವಾರ ಯಾವುದು? ನಳಕ್ಕೆ ನೀರು ಎಷ್ಟು ಹೊತ್ತಿಗೆ ಬರುತ್ತದೆ? ತಮ್ಮನನ್ನು ಶಾಲೆಗೆ ಬಿಡುವವರು ಯಾರು? ವಾರದ ಸಂತೆ ಯಾವ ದಿನ?

ಪಾಳಿ ಬದಲಾಗುವ ಮನೆಯಲ್ಲಿ ಒಂದೇ ಪಟ್ಟಿ ಸಾಲುವುದಿಲ್ಲ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಬಾಗಿಲ ಹಿಂದೆ ಮೂರು ಹಾಳೆ ಅಂಟಿಸಿದ್ದಾರೆ, ಮೂರು ಪಾಳಿಗೆ ಮೂರು. ಅಪ್ಪನ ನೈಟ್ ಶಿಫ್ಟಿನ ವಾರ ಬಂದರೆ ಮೂರನೆಯ ಹಾಳೆ ಮೇಲೆ ಬರುತ್ತದೆ. ಆ ವಾರ ಮಧ್ಯಾಹ್ನ ಮನೆಯಲ್ಲಿ ಓದು ಎಂದು ಬರೆದೇ ಇಲ್ಲ, ಯಾಕೆಂದರೆ ಅಪ್ಪ ಆಗ ಮಲಗಿರುತ್ತಾರೆ. "ಅಪ್ಪಾ ಈಗಷ್ಟ ಕಣ್ಣ ಮುಚ್ಚ್ಯಾರ, ಲೈಟ್ ಹಚ್ಚಬ್ಯಾಡ" ಎಂದು ತಾಯಿ ಹೇಳುವ ಮೊದಲೇ ಹುಡುಗಿ ಕಾಲೇಜಿನ ಲೈಬ್ರರಿಯಲ್ಲಿ ಕೂತಿರುತ್ತಾಳೆ. ಬದಲಿಗೆ ಆ ವಾರ ರಾತ್ರಿಯ ಹೊತ್ತು ಅವಳದು: ಅಪ್ಪ ಡ್ಯೂಟಿಗೆ ಹೋದ ಮೇಲೆ ಖೋಲಿ ಖಾಲಿ, ದೀಪ ತನ್ನದು, ಹನ್ನೊಂದೂವರೆವರೆಗೆ ಅಕೌಂಟ್ಸ್. ಮನೆಯ ಯಾರಿಗೂ ತೊಂದರೆಯಿಲ್ಲದೆ ಓದಿಗೆ ಜಾಗ ಹುಟ್ಟಿದ್ದು ಹೀಗೆ.

2. ವಾರದ 168 ಗಂಟೆಯನ್ನು ಒಮ್ಮೆ ಲೆಕ್ಕ ಹಾಕಿ ನೋಡಿ

ಮಹಾರಾಷ್ಟ್ರದಲ್ಲಿ ಹೊಸ ಶಿಕ್ಷಣ ನೀತಿಯ ಪದವಿ ಪಠ್ಯಕ್ರಮ ಸಂಯೋಜಿತ ಕಾಲೇಜುಗಳಿಗೆ 2024-25ರಿಂದ ಬಂತು. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಈಗ ಸೆಮಿಸ್ಟರ್ ಒಂದಕ್ಕೆ 22 ಕ್ರೆಡಿಟ್, ವರ್ಷಕ್ಕೆ 44. ಕ್ರೆಡಿಟ್ ಅಂದರೆ ಗಂಟೆ ಎಂದು ತಿಳಿಯಿರಿ. ಥಿಯರಿಯ ಒಂದು ಕ್ರೆಡಿಟ್ಟಿಗೆ ಸೆಮಿಸ್ಟರಿನಲ್ಲಿ 15 ಗಂಟೆ ಪಾಠ. ಪ್ರಾಕ್ಟಿಕಲ್ಲಿನ ಒಂದು ಕ್ರೆಡಿಟ್ಟಿಗೆ 30 ಗಂಟೆ. ಹದಿನೈದು ವಾರಕ್ಕೆ ಹಂಚಿದರೆ ಥಿಯರಿ ಕ್ರೆಡಿಟ್ಟು ವಾರಕ್ಕೆ ಒಂದು ಗಂಟೆ, ಪ್ರಾಕ್ಟಿಕಲ್ ಕ್ರೆಡಿಟ್ಟು ವಾರಕ್ಕೆ ಎರಡು.

ಬಿಎಸ್ಸಿಗೆ ಸೇರಿದ ಹುಡುಗನ 22 ಕ್ರೆಡಿಟ್ಟಿನಲ್ಲಿ 16 ಥಿಯರಿ, 6 ಪ್ರಾಕ್ಟಿಕಲ್ ಎಂದಿಟ್ಟುಕೊಳ್ಳಿ. 16ಕ್ಕೆ 12 ಕೂಡಿಸಿದರೆ ವಾರಕ್ಕೆ 28 ಗಂಟೆ ತರಗತಿ. ದಿನಕ್ಕೆ 7 ಗಂಟೆ ನಿದ್ದೆ, ವಾರಕ್ಕೆ 49. ಸ್ನಾನ, ಊಟ, ನೀರು, ಮನೆಗೆಲಸ ದಿನಕ್ಕೆ 3 ಗಂಟೆ, ವಾರಕ್ಕೆ 21.

ಈಗ ದಾರಿ. ಇಲ್ಲಿಂದ ಪುಣೆ ಸುಮಾರು 50 ಕಿಲೋಮೀಟರ್. ಬಸ್ಸಿಗೆ ಕಾಯುವುದು, ವಾಘೋಲಿಯಲ್ಲಿ ನಿಲ್ಲುವುದು, ನಗರದೊಳಗೆ ಇನ್ನೊಂದು ಗಾಡಿ ಹಿಡಿಯುವುದು ಎಲ್ಲ ಸೇರಿ ಹೋಗಲು ಎರಡೂವರೆ ಗಂಟೆ, ಬರಲು ಎರಡೂವರೆ ಗಂಟೆ ಹಿಡಿದರೆ ಆರು ದಿನಕ್ಕೆ 30 ಗಂಟೆ. ಅಂದರೆ ತರಗತಿಯಲ್ಲಿ ಕೂಡುವುದಕ್ಕಿಂತ ರಸ್ತೆಯ ಮೇಲೆ ಕಳೆಯುವ ಹೊತ್ತೇ ಹೆಚ್ಚು! ಎಲ್ಲ ಕಳೆದರೆ ಕೈಯಲ್ಲಿ ಉಳಿಯುವುದು 40 ಗಂಟೆ. ವಾರಕ್ಕೆ 20 ಗಂಟೆ ಅಂಗಡಿಯಲ್ಲೋ ಮೆಡಿಕಲ್‌ನಲ್ಲೋ ಕೆಲಸ ಮಾಡುವವನಿಗೆ ಓದಲು, ಆಡಲು, ಜ್ವರ ಬಂದರೆ ಮಲಗಲು ಸಿಗುವುದು 20.

ಅದೇ ಹುಡುಗ ಶಿರೂರಿಗೆ ಹೋದರೆ? ಕಾಯುವುದೂ ನಡೆಯುವುದೂ ಸೇರಿ ಒಂದು ಕಡೆಗೆ ಒಂದು ಗಂಟೆ, ವಾರಕ್ಕೆ 12. ಉಳಿಯುವುದು 58. ಕೆಲಸದ 20 ಕಳೆದರೂ 38. ಎರಡರ ನಡುವಿನ ಅಂತರ ವಾರಕ್ಕೆ 18 ಗಂಟೆ. ಈ ಒಂದು ಲೆಕ್ಕವನ್ನು ಅಡ್ಮಿಶನ್ನಿಗೆ ಮುಂಚೆ ಮನೆಮಂದಿಯೆಲ್ಲ ಕೂತು ಮಾಡಬೇಕೆಂಬುದು ನನ್ನ ಆಗ್ರಹ.

3. ಕಾಲೇಜು ಆರಿಸಿದಾಗಲೇ ಅರ್ಧ ಟೈಮ್‌ಟೇಬಲ್ ಆರಿಸಿದಂತೆ

ರಾಂಜಣಗಾಂವ ಇರುವುದು ಶಿರೂರ ತಾಲೂಕಿನಲ್ಲಿ. ಕಾರೇಗಾಂವ ದಾಟಿ ಅಹಿಲ್ಯಾನಗರದ ದಿಕ್ಕಿಗೆ ಹೋದರೆ ಘೋಡ ನದಿಯ ದಂಡೆಯ ಶಿರೂರ. ಅಲ್ಲಿ ಸಿ.ಟಿ. ಬೋರಾ ಕಾಲೇಜಿದೆ. ಪುಣೆಯ ದಿಕ್ಕಿಗೆ ಹೊರಟರೆ ಶಿಕ್ರಾಪುರ, ಸಣಸವಾಡಿ, ಕೋರೆಗಾಂವ ಭೀಮಾ, ಲೋಣಿಕಂದ ದಾಟಿ ವಾಘೋಲಿಯಲ್ಲೂ ಕಾಲೇಜುಗಳಿವೆ. ಪುಣೆ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜುಗಳಲ್ಲಿ ಪದವಿ ಪತ್ರದ ಮೇಲೆ ಬರುವ ವಿಶ್ವವಿದ್ಯಾಲಯದ ಹೆಸರು ಎಲ್ಲ ಕಡೆ ಒಂದೇ.

ಪುಣೆಯ ದೊಡ್ಡ ಹೆಸರಿನ ಕಾಲೇಜಿನಲ್ಲಿ ಸೀಟು ಸಿಕ್ಕರೆ ಬಿಡಿ ಎಂದು ನಾನು ಹೇಳುವುದಿಲ್ಲ. ಅಲ್ಲಿನ ಗ್ರಂಥಾಲಯ, ಅಧ್ಯಾಪಕರು, ಜೊತೆಗಾರರು ಬೇರೆಯೇ ಲೋಕ ತೋರಿಸುತ್ತಾರೆ. ಧಾರವಾಡದ ದ.ರಾ. ಬೇಂದ್ರೆಯವರು ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿಎ ಮುಗಿಸಿದವರು. ಆದರೆ ಅವರು ಪುಣೆಯಲ್ಲೇ ಇದ್ದು ಓದಿದರು. ನೀವೂ ಪುಣೆಯನ್ನು ಆರಿಸುವುದಾದರೆ ಹಾಸ್ಟೆಲ್ಲೋ, ಬಂಧುಗಳ ಮನೆಯೋ, ನಾಲ್ವರು ಸೇರಿ ಹಿಡಿದ ಖೋಲಿಯೋ ನೋಡಿಕೊಂಡು ಹೋಗಿ. ದಿನಾ ಓಡಾಡುವುದು ಅನಿವಾರ್ಯವಾದರೆ ರಾಮವಾಡಿಯಲ್ಲಿ ಇಳಿದುಬಿಡಿ. 2024ರ ಮಾರ್ಚಿನಿಂದ ಮೆಟ್ರೊ ಅಲ್ಲಿಯವರೆಗೆ ಬಂದಿದೆ. ಅಲ್ಲಿಂದ ಪುಣೆ ಸ್ಟೇಶನ್, ಸಿವಿಲ್ ಕೋರ್ಟ್, ಡೆಕ್ಕನ್ ಎಲ್ಲವೂ ಒಂದೇ ಗಾಡಿಯಲ್ಲಿ, ಸಿಗ್ನಲ್ಲಿನ ಕಾಟವಿಲ್ಲದೆ. ವಿದ್ಯಾರ್ಥಿಗಳಿಗೆ ಮೆಟ್ರೊದ ರಿಯಾಯಿತಿ ಕಾರ್ಡೂ ಇದೆ. ಕನ್ನಡ ಸಂಘ ನಡೆಸುವ ಕಾವೇರಿ ಕಾಲೇಜು ಎರಂಡವಣೆ ಭಾಗದಲ್ಲಿದೆ, ಕನ್ನಡದ ಮಾತು ಕಿವಿಗೆ ಬೀಳಬೇಕೆನ್ನುವವರು ವಿಚಾರಿಸಬಹುದು.

4. ವಿಷಯಗಳ ಹೆಸರಿನ ಗುಂಪು ನೋಡಿ ಹೆದರಬೇಡಿ

ಎಇಸಿ, ವಿಇಸಿ, ಎಸ್‌ಇಸಿ, ಐಕೆಎಸ್, ಓಇ. ಅಡ್ಮಿಶನ್ ಫಾರ್ಮಿನಲ್ಲಿ ಇವನ್ನು ನೋಡಿ ಎಷ್ಟೋ ಮಕ್ಕಳು ಪಕ್ಕದವರು ಗುರುತು ಹಾಕಿದಲ್ಲೇ ತಾವೂ ಹಾಕುತ್ತಾರೆ. ಎಇಸಿ ಅಂದರೆ ಭಾಷೆ. ವಿಇಸಿ ಅಂದರೆ ಪರಿಸರ, ಸಂವಿಧಾನದಂಥ ಮೌಲ್ಯದ ವಿಷಯ. ಎಸ್‌ಇಸಿ ಕೈಗೆ ಕೆಲಸ ಕಲಿಸುವಂಥದ್ದು. ಐಕೆಎಸ್ ಭಾರತೀಯ ಜ್ಞಾನ ಪರಂಪರೆ. ಓಇ ನಿಮ್ಮ ಶಾಖೆಯ ಹೊರಗಿನ ಒಂದು ವಿಷಯ. ಇವು ಸಾಮಾನ್ಯವಾಗಿ ಎರಡೆರಡು ಕ್ರೆಡಿಟ್ಟಿನವು, ಅಂದರೆ ಥಿಯರಿಯಾದರೆ ವಾರಕ್ಕೆ ಎರಡೇ ಗಂಟೆ.

ಟೈಮ್‌ಟೇಬಲ್ಲಿನ ಕೀಲಿ ಇರುವುದು ಓಇಯಲ್ಲಿ. ಮುಖ್ಯ ವಿಷಯಗಳ ಗಂಟೆಯನ್ನು ನೀವು ಜರುಗಿಸಲಾರಿರಿ. ಓಇ ಮಾತ್ರ ಹಲವಾರು ಇರುತ್ತವೆ, ಬೇರೆ ಬೇರೆ ಹೊತ್ತಿಗೆ. ಎರಡು ವಿಷಯ ಸಮಾನವಾಗಿ ಇಷ್ಟವಾದರೆ, ಬೆಳಗಿನ ಮೊದಲ ಲೆಕ್ಚರಿಗೋ ಸಂಜೆಯ ಕೊನೆಯದಕ್ಕೋ ಬೀಳದೆ ಉಳಿದ ತರಗತಿಗಳ ನಡುವೆ ಬೀಳುವುದನ್ನು ತೆಗೆದುಕೊಳ್ಳಿ. ದಿನದ ಅಂಚಿನ ಒಂದು ಲೆಕ್ಚರು ನಿಮಗೆ ಒಂದು ಬಸ್ಸನ್ನೇ ತಪ್ಪಿಸಬಹುದು. ಆದರೆ ಗಂಟೆ ಹೊಂದುತ್ತದೆಂದು ಬೇಡದ ವಿಷಯ ಹೊತ್ತುಕೊಳ್ಳಬೇಡಿ, ಅದು ಆರು ತಿಂಗಳ ಶಿಕ್ಷೆ.

ಮೂರು ಮುಖ್ಯ ವಿಷಯ ಓದುವ ಬಿಎ, ಬಿಎಸ್ಸಿಗಳಲ್ಲಿ ಮೇಜರ್ ಯಾವುದೆಂದು ಎರಡನೇ ವರ್ಷ ಆರಿಸುವ ಪದ್ಧತಿ. ಹಾಗಾಗಿ ಮೂರಕ್ಕೂ ಸಮನಾಗಿ ಹೊತ್ತು ಕೊಡಿ. ಮೊದಲ ತಿಂಗಳಲ್ಲೇ ಒಂದನ್ನು ಕೈಬಿಟ್ಟರೆ ಮುಂದಿನ ಆಯ್ಕೆಯ ಬಾಗಿಲನ್ನು ನೀವೇ ಹಾಕಿಕೊಂಡಂತೆ.

5. ಪ್ರಾಕ್ಟಿಕಲ್ ಬ್ಯಾಚು ಮಾಡುವ ದಿನ ಕಾಲೇಜು ತಪ್ಪಿಸಬೇಡಿ

ಬ್ಯಾಚು ಹಂಚುವಾಗ ಎದುರಿಗಿದ್ದವರ ಮಾತು ನಡೆಯುತ್ತದೆ. "ಸರ್, ರಾಂಜಣಗಾಂವದಿಂದ ಬರ್ತೀನಿ, ಸಂಜೆ ಬ್ಯಾಚ್ ಆದ್ರೆ ಮನೆ ಸೇರೋದು ರಾತ್ರಿ ಆಗ್ತದೆ" ಎಂದು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಎರಡು ಮಾತು ಹೇಳಲು ತಯಾರಾಗಿ ಹೋಗಿ. ಬಾಯಿ ಬಿಟ್ಟು ಕೇಳಿದವರಿಗೆ ಅನುಕೂಲ ಮಾಡಿಕೊಡುವ ಮೇಷ್ಟ್ರುಗಳು ಎಲ್ಲ ಕಾಲೇಜುಗಳಲ್ಲೂ ಇದ್ದಾರೆ. ಇನ್ನು ಜರ್ನಲ್. ಪ್ರಾಕ್ಟಿಕಲ್ ಮುಗಿದ ದಿನವೇ, ಬಸ್ಸು ಹತ್ತುವ ಮೊದಲು, ಲ್ಯಾಬಿನ ಹೊರಗಿನ ಬೆಂಚಿನ ಮೇಲೆ ಕೂತು ಬರೆದು ಮುಗಿಸಿ. ಸಹಿಯಾಗದ ಜರ್ನಲ್ ಇಟ್ಟುಕೊಂಡು ಸೆಮಿಸ್ಟರಿನ ಕೊನೆಯ ವಾರ ರಾತ್ರಿಯಿಡೀ ನಕಲು ಬರೆಯುವ ಹಿಂಸೆ ಬೇಡ. ಥಿಯರಿ ಓದಬೇಕಾದ ವಾರವೇ ಅದು.

6. ಬಸ್ಸಿನ ಹೊತ್ತಿಗೆ ಬಸ್ಸಿನ ಕೆಲಸವನ್ನೇ ಕೊಡಿ

ನಿಂತುಕೊಂಡು ಹೋಗುವ ಎಸ್‌ಟಿ ಬಸ್ಸಿನಲ್ಲಿ ಅಕೌಂಟ್ಸ್ ಲೆಕ್ಕ ಬಿಡಿಸುತ್ತೇನೆಂದು ಪಟ್ಟಿಯಲ್ಲಿ ಬರೆಯಬೇಡಿ. ಅದು ಆಗದ ಮಾತು. ಕಿವಿಗೆ ಕೇಳಿಸಿಕೊಳ್ಳುವುದು, ಇಂಗ್ಲಿಷ್ ಪದ ನೆನಪು ಹಾಕುವುದು, ನಿನ್ನೆಯ ಟಿಪ್ಪಣಿ ಮೇಲೆ ಕಣ್ಣಾಡಿಸುವುದು, ಇಷ್ಟು ಸಾಕು. ಬರುವಾಗ ಸೀಟು ಸಿಕ್ಕರೆ ಕಣ್ಣು ಮುಚ್ಚಿ. ಆ ಅರ್ಧ ಗಂಟೆ ನಿದ್ದೆ ರಾತ್ರಿಯ ಓದಿಗೆ ಬಲ.

7. ಪಾಸು ಮೊದಲ ವಾರವೇ ಮಾಡಿಸಿ

ಎಸ್‌ಟಿಯ ವಿದ್ಯಾರ್ಥಿ ಪಾಸಿಗೆ ಟಿಕೆಟ್ ದರದ ಮೂರರಲ್ಲಿ ಒಂದು ಪಾಲು ಕೊಟ್ಟರೆ ಸಾಕು. ಮಹಿಳೆಯರಿಗೆ 2023ರ ಮಾರ್ಚಿನಿಂದ ಅರ್ಧ ಟಿಕೆಟ್ ಇದ್ದರೂ ದಿನಾ ಓಡಾಡುವ ಹುಡುಗಿಯರಿಗೆ ಪಾಸೇ ಲಾಭ. ಕಾಲೇಜಿನಿಂದ ಬೋನಫೈಡ್ ತೆಗೆದುಕೊಂಡು ಡಿಪೊಕ್ಕೆ ಹೋಗಿ. ಯಾವ ಯಾವ ಬಸ್ಸಿಗೆ ಈ ಪಾಸು ನಡೆಯುತ್ತದೆ ಎಂದು ಕೌಂಟರಿನಲ್ಲೇ ಕೇಳಿ, ಆ ಬಸ್ಸುಗಳ ಹೊತ್ತನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ನಿಮ್ಮ ಬಸ್ಸಿನ ಹಿಂದಿನ ಒಂದು, ಮುಂದಿನ ಒಂದು, ಮೂರೂ ಗೊತ್ತಿರಲಿ.

8. ಹಾಜರಿಯನ್ನು ದುಡ್ಡಿನಂತೆ ಖರ್ಚು ಮಾಡಿ

ಶೇಕಡ 75 ಹಾಜರಿ ಬೇಕೆಂಬುದು ಎಲ್ಲರಿಗೂ ಗೊತ್ತು. ಹಾಗಾದರೆ ಎಷ್ಟು ತಪ್ಪಿಸಬಹುದು ಎಂದು ಲೆಕ್ಕ ಹಾಕಿದವರು ಕಡಿಮೆ. ನಾಲ್ಕು ಕ್ರೆಡಿಟ್ಟಿನ ಥಿಯರಿಗೆ ಸೆಮಿಸ್ಟರಿನಲ್ಲಿ 60 ಲೆಕ್ಚರು, 45 ಕೂಡಲೇಬೇಕು, ಕೈಯಲ್ಲಿ 15. ಎರಡು ಕ್ರೆಡಿಟ್ಟಿನದಕ್ಕೆ 30ರಲ್ಲಿ 23 ಕೂಡಬೇಕು, ಕೈಯಲ್ಲಿ ಬರೇ 7.

ಈ 15 ಮತ್ತು 7ನ್ನು ಎಲ್ಲಿ ಖರ್ಚು ಮಾಡಬೇಕೆಂದು ಜುಲೈನಲ್ಲೇ ಯೋಚಿಸಿ. ಮಳೆಗಾಲದ ಜ್ವರಕ್ಕೆ ಒಂದಿಷ್ಟು. ಊರಲ್ಲಿ ಮದುವೆಯೋ ಮರಣವೋ ಆದರೆ ಒಂದಿಷ್ಟು. ಹೆದ್ದಾರಿ ಬಂದಾದ ದಿನಕ್ಕೆ ಒಂದಿಷ್ಟು. ಅಲ್ಲಿಗೆ ಪೂರಾ ಮುಗಿಯಿತು. ಕ್ಯಾಂಟೀನಿನ ಹರಟೆಗೆ ಉಳಿಯುವುದು ಏನೂ ಇಲ್ಲ. ಇಲ್ಲಿಂದ ಹೋಗುವ ಮಕ್ಕಳಿಗೆ ಕಾಲೇಜಿನ ಊರಿನಲ್ಲೇ ಇರುವ ಮಕ್ಕಳಷ್ಟು ಸಡಿಲ ಸಿಗುವುದಿಲ್ಲ. ಅನ್ಯಾಯವೇ ಸರಿ. ಆದರೂ ಗೊತ್ತಿರುವುದು ಒಳ್ಳೆಯದು.

9. ರಸ್ತೆ ತುಂಬುವ ದಿನಗಳಿಗೆ ಕೆಂಪು ಗುರುತು ಹಾಕಿ

ನಮ್ಮೂರಿನ ಮಹಾಗಣಪತಿ ಅಷ್ಟವಿನಾಯಕರಲ್ಲಿ ಒಬ್ಬ. ಸಂಕಷ್ಟಿಯ ದಿನ ಜನ, ಅದು ಮಂಗಳವಾರ ಬಿದ್ದು ಅಂಗಾರಕಿಯಾದರೆ ಇನ್ನೂ ಜನ. ಭಾದ್ರಪದದ ಚೌತಿಯಲ್ಲಂತೂ ಗುಡಿಯ ಮುಂದಿನ ಹೆದ್ದಾರಿಯಲ್ಲಿ ಗಾಡಿ ಸರಿಯುವುದಿಲ್ಲ. ವರ್ಷದ ಅಂಗಾರಕಿಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಹುಡುಕಿಡಿ. ಅಂದು ಒಂದು ಬಸ್ಸು ಮುಂಚೆ ಹೊರಡಿ.

ಜನವರಿ 1ನ್ನು ಎರಡು ಸಲ ಗುರುತು ಮಾಡಿ. 1818ರ ಕದನದ ನೆನಪಿಗೆ ಕೋರೆಗಾಂವ ಭೀಮಾ ಹತ್ತಿರ ಪೆರಣೆಯ ಜಯಸ್ತಂಭಕ್ಕೆ ಲಕ್ಷಾಂತರ ಜನ ಬರುತ್ತಾರೆ. ಡಾ. ಅಂಬೇಡ್ಕರ್ 1927ರಲ್ಲಿ ಭೇಟಿ ಕೊಟ್ಟ ಜಾಗವದು. ನಮ್ಮ ಕಡೆಯ ಎಷ್ಟೋ ಮನೆಗಳವರೂ ಹೋಗಿ ನಮಸ್ಕರಿಸಿ ಬರುತ್ತಾರೆ. ಅದರ ಹಿಂದಿನ ದಿನದಿಂದಲೇ ಪೊಲೀಸರು ಪುಣೆ ರಸ್ತೆಯ ಗಾಡಿಗಳನ್ನು ಬೇರೆ ದಾರಿಗೆ ತಿರುಗಿಸುತ್ತಾರೆ. ಆ ಎರಡು ದಿನ ಪುಣೆಯ ಕಡೆ ಸಬ್ಮಿಶನ್, ಟೆಸ್ಟು ಇದ್ದರೆ ಗೆಳೆಯರ ಮನೆಯಲ್ಲಿ ಉಳಿಯುವ ವ್ಯವಸ್ಥೆ ವಾರ ಮೊದಲೇ ಮಾಡಿಕೊಳ್ಳಿ.

ಇನ್ನು ನಮ್ಮ ಸ್ವಂತ ಊರಿನ ಜಾತ್ರೆಗಳು. ವಿಜಯಪುರದ ಸಿದ್ಧೇಶ್ವರ ಜಾತ್ರೆ ಸಂಕ್ರಾಂತಿಗೆ, ಕಲಬುರಗಿಯ ಶರಣಬಸವೇಶ್ವರ ಜಾತ್ರೆ ಹೋಳಿ ಆದ ಮೇಲೆ. ಎರಡೂ ಎರಡನೆಯ ಸೆಮಿಸ್ಟರಿನ ನಡುವೆಯೇ ಬರುತ್ತವೆ. ಹೋಗಬೇಡಿ ಎನ್ನುವವನು ನಾನಲ್ಲ. ತೇರು ಎಳೆಯದೆ ವರ್ಷ ಕಳೆದರೆ ಮನಸ್ಸು ನಿಲ್ಲದು. ಹೋಗುವ ಮತ್ತು ಬರುವ ದಿನ ಎರಡನ್ನೂ ಹಾಳೆಯ ಮೇಲೆ ಬರೆದಿಟ್ಟು ಹೋಗಿ. ಇನ್ನೆರಡು ದಿನ, ಇನ್ನೆರಡು ದಿನ ಎಂದು ಅಲ್ಲಿ ಉಳಿಯುವುದರಲ್ಲೇ ಹಾಜರಿ ಕೆಡುವುದು.

10. ಭಾಷೆಗೆ ದಿನಕ್ಕೆ ಅರ್ಧ ಗಂಟೆ, ತಪ್ಪದೆ

ನಮ್ಮ ಮಕ್ಕಳ ಮನೆಯ ಮಾತು ಕನ್ನಡ, ಶಾಲೆ ಮರಾಠಿ, ಕಾಲೇಜಿನ ಪುಸ್ತಕ ಬಹಳ ಕಡೆ ಇಂಗ್ಲಿಷ್. ಊರಲ್ಲಿ ಪಿಯುಸಿ ಮುಗಿಸಿ ಈಗಷ್ಟೇ ಬಂದವರಿಗೆ ಮರಾಠಿ ಕೂಡ ಹೊಸದು. ಮೊದಲ ಆರು ವಾರ ತರಗತಿಯಲ್ಲಿ ತಲೆ ತಗ್ಗಿಸಿ ಕೂತು, "ನನಗೆ ಓದು ತಲೆಗೆ ಹತ್ತೂದಿಲ್ಲ" ಎಂದು ತೀರ್ಮಾನ ಮಾಡಿಬಿಡುವವರು ಈ ಮಕ್ಕಳೇ. ವಿಷಯ ಕಠಿಣವಲ್ಲ, ಅದು ಬಂದ ಭಾಷೆ ಕಠಿಣ.

ಹಾಗಾಗಿ ಭಾಷೆಯ ಅರ್ಧ ಗಂಟೆ ಪಟ್ಟಿಯಲ್ಲಿ ಬೇರೆಯೇ ಇರಲಿ. ನಾಳೆಯ ಪಾಠದ ಒಂದು ಪುಟ ಹಿಂದಿನ ರಾತ್ರಿ ಓದಿ, ತಿಳಿಯದ ಹತ್ತು ಪದ ಬರೆದು, ಎದುರಿಗೆ ಕನ್ನಡದಲ್ಲಿ ಅರ್ಥ ಬರೆಯಿರಿ. ಬೆಳಿಗ್ಗೆ ಅದೇ ಪದ ಮೇಷ್ಟ್ರ ಬಾಯಲ್ಲಿ ಬಂದಾಗ ಕಿವಿ ಹಿಡಿಯುತ್ತದೆ. ಪಾಠದ ಸಾರವನ್ನು ರಾತ್ರಿ ಅವ್ವನಿಗೆ ಕನ್ನಡದಲ್ಲಿ ಹೇಳಿ. ಡಿಮ್ಯಾಂಡು, ಸಪ್ಲೈ ಎಂದರೇನೆಂದು ಸಂತೆಯ ಟೊಮ್ಯಾಟೊ ದರದಲ್ಲಿ ಅವ್ವನಿಗೆ ತಿಳಿಸಿ ಹೇಳಬಲ್ಲವಳಿಗೆ ಆ ವಿಷಯ ಬಂದಿದೆ ಎಂದೇ ಅರ್ಥ. ಪರೀಕ್ಷೆಯ ಉತ್ತರವನ್ನು ಯಾವ ಮಾಧ್ಯಮದಲ್ಲಿ ಬರೆಯಲು ಅವಕಾಶವಿದೆ ಎಂಬುದನ್ನು ವಿಭಾಗದಲ್ಲಿ ಮೊದಲ ವಾರವೇ ಕೇಳಿಕೊಳ್ಳಿ. ಎಇಸಿಗೆ ಯಾವ ಭಾಷೆಗಳಿವೆ ಎಂಬುದನ್ನೂ ಕೇಳಿ.

11. ದುಡಿದು ಓದುವವರು ಎರಡು ಪೂರ್ತಿ ಹೊರೆ ಒಟ್ಟಿಗೆ ಹೊರಬೇಡಿ

ಕಂಪನಿಯಲ್ಲಿ ನೈಟ್ ಶಿಫ್ಟು ಮಾಡಿ ಬೆಳಿಗ್ಗೆ ಅದೇ ಬಟ್ಟೆಯಲ್ಲಿ ಕಾಲೇಜಿಗೆ ಹೋಗುವ ಹುಡುಗರಿದ್ದಾರೆ. ಅವರ ಛಲಕ್ಕೆ ನನ್ನ ನಮಸ್ಕಾರ. ಆದರೆ ದೇಹ ಒಪ್ಪುವುದಿಲ್ಲ. ಮಷೀನಿನ ಮುಂದೆ ತೂಕಡಿಸಿದರೆ ಕೈಗೇ ಅಪಾಯ.

ಪೂರ್ತಿ ಪಾಳಿ ಬಿಡಲಾಗದವರಿಗೆ ನಾಸಿಕದ ಯಶವಂತರಾವ್ ಚವ್ಹಾಣ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯ 1989ರಿಂದ ಇದೆ. ಇಗ್ನೋ ಇದೆ. ಕನ್ನಡದಲ್ಲೇ ಓದಬೇಕೆನ್ನುವವರು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ನಿಯಮಗಳನ್ನು ನೋಡಬಹುದು. ಮುಕ್ತ ವಿಶ್ವವಿದ್ಯಾಲಯದ ಪದವಿ ಕಡಿಮೆಯದೆಂಬ ಮಾತಿಗೆ ಕಿವಿಗೊಡಬೇಡಿ.

ದಿನದ ಕಾಲೇಜೇ ಬೇಕು, ಕೈಖರ್ಚಿಗೂ ಬೇಕು ಎನ್ನುವವರು ಕಾಲೇಜಿನ ಕಚೇರಿಯಲ್ಲಿ 'ಕಮವಾ ವ ಶಿಕಾ' ಯೋಜನೆ ವಿಚಾರಿಸಿ. ದುಡಿ, ಓದು ಎಂಬ ಈ ಯೋಜನೆಗೆ ವಿಶ್ವವಿದ್ಯಾಲಯ ಕರ್ಮವೀರ ಭಾವುರಾವ್ ಪಾಟೀಲರ ಹೆಸರಿಟ್ಟಿದೆ. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿ, ಬಡ ರೈತರ ಮಕ್ಕಳನ್ನು ಜಾತಿ ನೋಡದೆ ಒಂದೇ ವಸತಿಯಲ್ಲಿಟ್ಟು, ಅವರ ಕೈಯಿಂದಲೇ ದುಡಿಸಿ ಓದಿಸಿದ ಮಹಾನುಭಾವರು ಅವರು. ಗ್ರಂಥಾಲಯದಲ್ಲೋ ಕಚೇರಿಯಲ್ಲೋ ಲ್ಯಾಬಿನಲ್ಲೋ ದಿನಕ್ಕೆ ಕೆಲವೇ ಗಂಟೆಯ ಕೆಲಸ, ಗಂಟೆಯ ಲೆಕ್ಕದಲ್ಲಿ ಹಣ. ಸಂಬಳ ಕಂಪನಿಯಷ್ಟು ಸಿಗದು. ಆದರೆ ಕೆಲಸದ ಜಾಗ ಮತ್ತು ತರಗತಿಯ ನಡುವೆ ಒಂದು ಮೆಟ್ಟಿಲಿನ ಅಂತರ. ಟೈಮ್‌ಟೇಬಲ್ಲಿನ ಕಣ್ಣಿನಿಂದ ನೋಡಿದರೆ ಅದರ ಬೆಲೆ ಬಹಳ.

12. ಕಾಗದಪತ್ರಕ್ಕೆ ತಿಂಗಳಿಗೊಂದು ಅರ್ಧ ದಿನ ಎತ್ತಿಡಿ

ಕರ್ನಾಟಕದಲ್ಲಿ ಪಿಯುಸಿ ಮುಗಿಸಿ ಬಂದವರಿಗೆ ಬೇರೆ ಬೋರ್ಡಿನವರೆಂದು ಮೈಗ್ರೇಶನ್ ಪ್ರಮಾಣಪತ್ರ ಕೇಳುತ್ತಾರೆ, ಎಲಿಜಿಬಿಲಿಟಿ ಫಾರ್ಮು ತುಂಬಿಸುತ್ತಾರೆ. ಇದನ್ನು ಪರೀಕ್ಷೆಯ ಫಾರ್ಮು ತುಂಬುವ ದಿನದವರೆಗೆ ಎಳೆಯಬೇಡಿ. ಕ್ರೆಡಿಟ್ಟುಗಳು ಜಮೆಯಾಗುವ ಎಬಿಸಿ ಖಾತೆ ತೆರೆಯುವಾಗ ಆಧಾರಿನಲ್ಲಿರುವ ಹೆಸರು, ಹತ್ತನೆಯ ಅಂಕಪಟ್ಟಿಯ ಹೆಸರು ಅಕ್ಷರಕ್ಕೆ ಅಕ್ಷರ ಹೊಂದುತ್ತದೆಯೇ ನೋಡಿ. ಅಪ್ಪನ ಹೆಸರು, ಅಡ್ಡಹೆಸರು ಬರೆಯುವ ಕ್ರಮ ಇಲ್ಲಿ ಬೇರೆ, ನಮ್ಮಲ್ಲಿ ಬೇರೆ, ತೊಡಕು ಬರುವುದೇ ಅಲ್ಲಿ. ತಹಸೀಲ್ ಕಚೇರಿ ಶಿರೂರಿನಲ್ಲಿ. ಕಾಲೇಜೂ ಅಲ್ಲೇ ಇದ್ದವರು ಮಧ್ಯಾಹ್ನದ ಬಿಡುವಿನಲ್ಲೇ ಆದಾಯ ಪ್ರಮಾಣಪತ್ರದ ಕೆಲಸ ಮುಗಿಸಬಹುದು.

13. ಮಗಳ ಓದಿನ ಗಂಟೆಗೆ ಮನೆಯವರ ಸಹಿ ಬೇಕು

ಇದು ವಿದ್ಯಾರ್ಥಿಗಿಂತ ಹೆಚ್ಚಾಗಿ ಅಪ್ಪ ಅವ್ವಂದಿರಿಗೆ ಹೇಳುವ ಮಾತು. ಒಂದೇ ಮನೆಯ ಅಣ್ಣ, ತಂಗಿ ಇಬ್ಬರೂ ಎಫ್‌ವೈ, ಎಸ್‌ವೈ ಓದುತ್ತಿದ್ದರೂ ಅವರ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಬೆಳಿಗ್ಗೆ ಐದರಿಂದ ಏಳು: ಅಣ್ಣನದು ಓದು, ತಂಗಿಯದು ನೀರು, ಕಸ, ರೊಟ್ಟಿ. ಸಂಜೆ ಏಳರಿಂದ ಒಂಬತ್ತು: ಅಣ್ಣನದು ಓದು, ತಂಗಿಯದು ಪಲ್ಯ, ಪಾತ್ರೆ. ದಿನಕ್ಕೆ ನಾಲ್ಕು ಗಂಟೆ, ಆರು ದಿನಕ್ಕೆ 24. ಎರಡನೇ ಸೂತ್ರದಲ್ಲಿ ಹಾಕಿದ ಲೆಕ್ಕಕ್ಕೆ ಈ ಸಂಖ್ಯೆಯನ್ನು ಹಚ್ಚಿ ನೋಡಿ. ಮನೆಗೆಲಸಕ್ಕೆಂದು ಅಲ್ಲಿ ಹಿಡಿದ ಹೊತ್ತು ಅವಳಿಗೆ ಯಾವ ಮೂಲೆಗೂ ಸಾಲುವುದಿಲ್ಲ. ಅವಳು ಫೇಲಾದರೆ "ಹುಡುಗಿಗೆ ಓದಿನ ಮ್ಯಾಲ ಲಕ್ಷ್ಯ ಇಲ್ಲ, ಮದುವಿ ಮಾಡೋಣು" ಎಂಬ ಮಾತು ಶುರುವಾಗುತ್ತದೆ.

ಅಡುಗೆ ಕಲಿಯಬಾರದು ಎಂದಲ್ಲ. ಮನೆಯ ಕೆಲಸ ಎಲ್ಲರದು. ಕಾಲೇಜು ಶುರುವಾಗುವ ಮೊದಲ ಭಾನುವಾರ ಎಲ್ಲರೂ ಕೂತು ಯಾವ ಕೆಲಸ ಯಾರದು ಎಂದು ಅದೇ ಹಾಳೆಯ ಮೇಲೆ ಬರೆಯಿರಿ. ನೀರು ಅಣ್ಣ ತುಂಬಲಿ. ಸೆಕೆಂಡ್ ಶಿಫ್ಟಿನ ವಾರ ಅಪ್ಪ ಬೆಳಿಗ್ಗೆ ಮನೆಯಲ್ಲಿರುತ್ತಾರೆ, ಕಾಯಿಪಲ್ಯ ಅವರು ಹೆಚ್ಚಲಿ. ಮಗಳ ಪಾಲಿಗೆ ದಿನಕ್ಕೆ ಎರಡು ಗಂಟೆಯಾದರೂ ಯಾರೂ ಕರೆಯದ, ಯಾರೂ ಎಬ್ಬಿಸದ ಓದಿನ ಹೊತ್ತು ಇರಲಿ. ಅದರ ಕೆಳಗೆ ಅಪ್ಪ ಅವ್ವ ಇಬ್ಬರೂ ಸಹಿ ಮಾಡಲಿ. ಸಹಿ ಬಾರದ ಅವ್ವ ಹೆಬ್ಬೆಟ್ಟು ಒತ್ತಲಿ.

ದೀಪಾವಳಿಯ ಆಸುಪಾಸು ಮೊದಲ ಸೆಮಿಸ್ಟರ್ ಮುಗಿದಾಗ ಆ ಹಾಳೆಯನ್ನು ಇಳಿಸಿ. ಎರಡನೆಯ ಸೆಮಿಸ್ಟರಿನಲ್ಲಿ ಲೆಕ್ಚರಿನ ಹೊತ್ತು ಬದಲಾಗುತ್ತದೆ, ಬ್ಯಾಚು ಬದಲಾಗುತ್ತದೆ, ಬೇಸಿಗೆಗೆ ನಳದ ನೀರಿನ ಹೊತ್ತೂ ಬದಲಾಗುತ್ತದೆ. ಹೊಸ ಹಾಳೆಯ ಮೇಲೆ ಮತ್ತೆ ಏಳು ಕಂಬ ಎಳೆದು, ಮತ್ತೆ ಎಲ್ಲರೂ ಸಹಿ ಮಾಡಿ.